ಹೊಸ್ತಿಲ ಬಾವುಟ

ಹೆಣದ ಮೇಲಿನ ಬಾವುಟವನ್ನು ಪಕ್ಕೀರಮ್ಮ ಹಿಡಿದೆಳೆದಳು. ಗೋಡೆಗೆ ಒರಗಿಸಿ ಕೂಡಿಸಿದ್ದ ಗಂಡನ ಎದೆಯಿಂದ ಅದು ಜಾರುವಷ್ಟರಲ್ಲಿ ಮೈದುನ ಚಿದಾನಂದಪ್ಪ ಇನ್ನೊಂದು ತುದಿ ಹಿಡಿದುಕೊಂಡ.

ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಜವಾನನಾಗಿದ್ದ ಈ ಪುಣ್ಯಾತ್ಮ, ಅಣ್ಣ ಹಾಸಿಗೆ ಹಿಡಿದ ಆರು ತಿಂಗಳಲ್ಲಿ ಒಮ್ಮೆಯೂ ಸಿರುಗುಪ್ಪದ ಕಡೆ ತಲೆ ಹಾಕಿರಲಿಲ್ಲ. ಇವತ್ತು ಬಂದವನೇ ಹೊಸ್ತಿಲಲ್ಲಿ ಬಿದ್ದಿದ್ದ, ಅರ್ಧ ಬಿಳಿ ಅರ್ಧ ಕೆಂಪಿನ ಕಾಲೊರಸುವ ಅರಿವೆಯನ್ನು ಒಗೆದು ಹೆಣಕ್ಕೆ ಹೊದಿಸಿದ್ದ. ಕಂಟೋನ್ಮೆಂಟಿನ ದೊರೆಯ ಗುಮಾಸ್ತ ಮಣ್ಣಿಗೆ ಬರುವವನಿದ್ದ. ಈ ಬಾವುಟದ ಯುದ್ಧದ ದೋಣಿಯಲ್ಲಿದ್ದವನ ತಮ್ಮನೆಂದರೆ ಜವಾನರ ಮೇಲಿನ ದಫೇದಾರಿಕೆ ಸಿಕ್ಕೀತೆಂಬ ಆಸೆ. ಥೂ, ಇವನ ಜನ್ಮಕ್ಕಿಷ್ಟು!

“ಬಿಡ್ರಿ ಅತ್ತಿಗಿ. ಅಣ್ಣಗ ಮರ್ಯಾದಿ ಐತಿ ಇದು.”

“ನಿಮ್ಮಣ್ಣ ಹತ್ತು ವರ್ಷ ಇದರಾಗ ಕಾಲು ಒರಸ್ಯಾನ. ಸತ್ತರ ಮೈಮ್ಯಾಲ ಇದು ಬೀಳಬಾರದು ಅಂತ ನನ್ನ ಕೈ ಹಿಡಿದು ಹೇಳ್ಯಾನ. ಯಾಕಂತ ಹೇಳತೀನಿ, ಎಲ್ಲಾರೂ ಕೇಳ್ರಿ.”

*

ಪಕ್ಕೀರಮ್ಮನ ಗಂಡ ಹುಲುಗಪ್ಪ ಒಳ್ಳೆಯ ಈಜುಗಾರ. ವಯಸ್ಸಿನಲ್ಲಿ ರೈಲು ಹತ್ತಿ ಮೂಡಣ ಕಡಲಿನ ಬಂದರೊಂದಕ್ಕೆ ಹೋಗಿ, ಹಡಗುಗಳಿಗೆ ದಾರಿ ತೋರಿಸುವ ಹಾಯಿದೋಣಿಗೆ ಸೇರಿದ್ದ. ಅದರ ಬಾವುಟ ಕಂಡರೆ ಸಾಕು, ದಿಕ್ಕು ತಪ್ಪಿದವರು ಬದುಕಿದೆವೆಂದು ಹತ್ತಿರ ಬರುತ್ತಿದ್ದರು. ರಷ್ಯಾದವರು ದಂಡೆತ್ತಿ ಬರುತ್ತಾರೆಂದು ಗುಲ್ಲೆದ್ದ ವರ್ಷ ದೋಣಿಯನ್ನೂ ಆಳುಗಳನ್ನೂ ಸರ್ಕಾರದವರು ಕಡಲ ಕಾವಲಿಗೆ ಎಳೆದುಕೊಂಡರು. ಹೊಸ ಸಾಹೇಬನೊಬ್ಬ ಬಂದು ತೋಪು ಕೂಡಿಸಿದ. ಬಾವುಟ ಮಾತ್ರ ಇಳಿಸಬೇಡಿ ಎಂದ. ನಂಬಿ ಬಂದವರನ್ನು ಹಿಡಿಯುವುದು ಸುಲಭವಲ್ಲವೇ?

ಒಂದು ಮುಂಜಾನೆ, ಮಂಜಿನಲ್ಲಿ, ಉಪ್ಪು ಹೇರಿದ ಸಣ್ಣ ದೋಣಿಯೊಂದು ಬಂತು. ಕೈ ಬೀಸಿ ಕರೆದವನು ಹುಲುಗಪ್ಪನೇ. ನಿಲ್ಲಿ ಎಂದು ಸಾಹೇಬ ಕೂಗಿದ ಇಂಗ್ಲಿಷು ಅವರಿಗೆ ತಿಳಿಯಲಿಲ್ಲ. ತೋಪು ಹಾರಿ ಆ ದೋಣಿ ಒಡೆಯಿತು. ಮುದುಕನೊಬ್ಬ ಬಾವುಟವನ್ನೇ ನೋಡುತ್ತ ಈಜಿ ಬರುತ್ತಿದ್ದ. ಧುಮುಕಲು ಹೋದ ಹುಲುಗಪ್ಪನನ್ನು ಬಂದೂಕು ತೋರಿಸಿ ತಡೆದರು. ಮುದುಕ ನೋಡುತ್ತಲೇ ಮುಳುಗಿದ.

ಆ ವಾರವೇ ಹುಲುಗಪ್ಪ ಬಾವುಟ ಕದ್ದು ಊರಿಗೆ ಓಡಿಬಂದ. ಅದನ್ನು ಹೊಸ್ತಿಲಿಗೆ ಹಾಸಿದ. ಮತ್ತೆ ಹಾಸಿಗೆ ಹಿಡಿಯುವತನಕ ಹೊಳೆಯಲ್ಲಿ ಹರಿಗೋಲು ಹಾಕಿದ. ದಡದಲ್ಲಿ ಯಾರು ಕೂಗಿದರೂ ಯಾರೆಂದು ಕೇಳದೆ ಹೋಗುತ್ತಿದ್ದ.

*

ಪಕ್ಕೀರಮ್ಮನ ಮಾತು ಮುಗಿಯಿತು. ಪಡಸಾಲೆಯಲ್ಲಿ ಕೂತಿದ್ದ ನೆರೆಮನೆಯ ಮುದುಕಿ ಯಂಕಮ್ಮ ಎದ್ದು ಬಂದು ಬಾವುಟದಿಂದ ಚಿದಾನಂದಪ್ಪನ ಬೆರಳು ಬಿಡಿಸಿದಳು. ಹುಲುಗಪ್ಪನನ್ನು ಅವನ ಹಳೆಯ ಕಂಬಳಿಯಲ್ಲೇ ಕುಣಿಗೆ ಇಳಿಸಿದರು. ಗುಮಾಸ್ತ ಬಂದದ್ದು ಅಲ್ಲಿಗೇ, ಕೊನೆಯ ಹಿಡಿ ಮಣ್ಣು ಬೀಳುವಾಗ.

ಹೆಣ ಕೂಡಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಲು ಎಲ್ಲರೂ ಮನೆಗೆ ಬಂದರು. ಬಾಗಿಲಲ್ಲಿ ನೀರಿನ ಕೊಡ, ಹೊಸ್ತಿಲಲ್ಲಿ ಬಾವುಟ. ಗುಮಾಸ್ತ ಬೂಟು ಕಳಚಿ ಕಾಲು ತೊಳೆದುಕೊಂಡು, ಅದರ ಮೇಲೆ ಚೆನ್ನಾಗಿ ಒರಸಿ ಒಳಗೆ ಹೋದ. ಚಿದಾನಂದಪ್ಪನೂ ಕಾಲು ತೊಳೆದ. ತೊಳೆದವನು ಬಾವುಟ ತುಳಿಯದೆ ಅಲ್ಲೇ ನಿಂತ. ಹಿಂದಿನವರು ಬೇಗ ಹೋಗೆಂದು ನೂಕುತ್ತಿದ್ದರು. ಒಳಗೆ ದೀಪದ ಪಕ್ಕ ಕೂತ ಪಕ್ಕೀರಮ್ಮ ಅವನ ಒದ್ದೆ ಕಾಲುಗಳನ್ನೇ ನೋಡುತ್ತಿದ್ದಳು.