ಅತ್ತೆಯ ಪಂಪ್ ಸ್ಟೌ

ಮಾರ್ಗಶಿರದ ಆ ಬೆಳಿಗ್ಗೆ ಶ್ರೀರಂಗಪಟ್ಟಣದ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಕಾವೇರಿ ಸೇತುವೆಯ ಮೇಲೆ ಬಸ್ಸುಗಳು ದೀಪ ಹಾಕಿಕೊಂಡು ತೆವಳುತ್ತಿದ್ದವು. ಗುಜರಿ ಅಂಗಡಿಯವನು ಬಾಗಿಲು ತೆಗೆಯುವ ಮೊದಲೇ ನಿಂಗರಾಜು ಅಲ್ಲಿ ಬಂದು ನಿಂತಿದ್ದ. ಪಾಂಡವಪುರದ ಪಕ್ಕದ ಹಳ್ಳಿಯವನು. ಕಬ್ಬಿನ ಲಾರಿಗೆ ಲೋಡು ಹೊತ್ತು ಹೊತ್ತು ಕಲ್ಲಾದ ಮೈ. ಊರಿನಲ್ಲಿ ಅವನ ಮುಖಕ್ಕಿಂತ ಅವನ ಕೈಯನ್ನು ಕಂಡರೆ ಜನ ಹೆಚ್ಚು ಅಂಜುತ್ತಿದ್ದರು.

ಹಿತ್ತಾಳೆಯ ಹಳೇ ಪಂಪ್ ಸ್ಟೌ ಒಂದು ಬಂದಿದೆಯೆಂದು ಯಾರೋ ಹೇಳಿದ್ದರು. ಏಳು ತಿಂಗಳಿಂದ ಅವನು ಹುಡುಕುತ್ತಿದ್ದದ್ದು ಅದನ್ನೇ. ತಗಡಿನ ಡಬ್ಬಗಳ ರಾಶಿಯೊಳಗಿಂದ ಎಳೆದು ತೆಗೆದಾಗ ಅದರ ಮೈಯೆಲ್ಲ ಮಸಿ, ಜಿಡ್ಡು. ಒಂದು ಕಾಲು ಸೊಟ್ಟ. ಆದರೂ ಅವನು ಜೇಬಿಗೆ ಕೈ ಹಾಕಿ ದುಡ್ಡು ಮುಟ್ಟಿ ನೋಡಿಕೊಂಡ.

‘ಅದು ಮಾತಾಗೋಗದೆ ಕಣಣ್ಣ,’ ಎಂದ ಅಂಗಡಿಯವನು. ‘ಮೈಸೂರಿನ ರೆಸಾರ್ಟ್‌ನೋರು ಶೋಕೇಸಿಗೆ ಬೇಕು ಅಂದವ್ರೆ. ಹತ್ತು ಗಂಟೆಗೆ ಬತ್ತಾರೆ.’

‘ಒಲೆ ಇರದು ಶೋಕೇಸಲ್ಲಿ ಮಡಗಕ್ಕಾ?’

‘ಅದೆಲ್ಲ ನಿಂಗ್ಯಾಕಪ್ಪ? ಮಡಗು ಕೆಳಗೆ.’

ನಿಂಗರಾಜು ಕೆಳಗಿಡಲಿಲ್ಲ. ಸ್ಟೌವನ್ನು ಎಡಗೈಯಲ್ಲಿ ಅವುಚಿಕೊಂಡು, ಬಲಗೈಯಿಂದ ಅವನ ಕುತ್ತಿಗೆ ಹಿಡಿದು ಕಬ್ಬಿಣದ ಕಂಬಕ್ಕೆ ಅಪ್ಪಳಿಸಿದ. ಅಂಗಡಿಯವನ ಮೂಗಿನಿಂದ ಇಳಿದ ರಕ್ತ ಅವನು ಹೊದ್ದಿದ್ದ ಕಂಬಳಿಯ ಮೇಲೆ ತೊಟ್ಟಿಕ್ಕಿತು. ಜೇಬಿನಲ್ಲಿದ್ದಷ್ಟನ್ನೂ ನೆಲಕ್ಕೆ ಎಸೆದು, ನಿಂಗರಾಜು ಮಂಜಿನೊಳಗೆ ನಡೆದುಬಿಟ್ಟ.

ಇಂಥ ಕೋಪ ಮನುಷ್ಯನಲ್ಲಿ ಎಲ್ಲಿಂದ ಹುಟ್ಟುತ್ತದೋ ಮೇಲುಕೋಟೆಯ ಚೆಲುವನಾರಾಯಣನೇ ಬಲ್ಲ. ಏಳು ತಿಂಗಳ ಹಿಂದೆಯೂ ಅದು ಹೀಗೇ ಹುಟ್ಟಿತ್ತು. ಅಂದು ಶುಕ್ರವಾರ. ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ದೇವರ ಎಡೆಗೆ ಪಾಯಸ ಮಾಡುತ್ತಿದ್ದಳು. ಮನೆಯಲ್ಲಿ ಗ್ಯಾಸ್ ಇತ್ತು. ಆದರೆ ಎಡೆಗೆ ಮಾತ್ರ ಅವಳು ಹೊತ್ತಿಸುತ್ತಿದ್ದದ್ದು ತೀರಿಹೋದ ತನ್ನ ಅವ್ವನ ಪಂಪ್ ಸ್ಟೌವನ್ನು. ಆ ತಾಯಿ ಗಂಡ ಸತ್ತ ಮೇಲೆ ಕೆ.ಆರ್.ಎಸ್. ಬಸ್ ನಿಲ್ದಾಣದ ಪಕ್ಕ ಅದೇ ಒಲೆಯ ಮೇಲೆ ಇಡ್ಲಿ ಬೇಯಿಸಿ, ಮಾರಿ, ಮಗನನ್ನೂ ಮಗಳನ್ನೂ ದೊಡ್ಡವರನ್ನಾಗಿ ಮಾಡಿದ್ದಳು. ಒಲೆ ಉರಿಯುವಾಗ ಭರ್ರೋ ಎಂದು ಸದ್ದು. ಜಗಲಿಯಲ್ಲಿ ಕೂತ ನಿಂಗರಾಜು ಮೂರು ಸಲ ನೀರು ಕೇಳಿದ. ಆ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ನಾಲ್ಕನೇ ಸಲ ಅವನು ಕೂಗಲಿಲ್ಲ. ಕೊಡಲಿ ತೆಗೆದುಕೊಂಡು ಒಳಗೆ ಬಂದ. ಕೊಡಲಿಯ ಹಿಂಬದಿಯ ಮೊದಲ ಏಟು ಪಾಯಸದ ಪಾತ್ರೆಗೆ. ಎರಡನೆಯದು ಒಲೆಗೆ. ಮೂರನೆಯದಕ್ಕೆ ಅವಳು ಎಡಗೈ ಅಡ್ಡ ಹಿಡಿದಳು. ಒಲೆ ಆಗ ಸದ್ದಡಗಿ ಬಿದ್ದಿತ್ತು. ಹಾಗಾಗಿ ಮೂಳೆ ಮುರಿದದ್ದು ಇಬ್ಬರಿಗೂ ಚೆನ್ನಾಗಿ ಕೇಳಿಸಿತು.

ಅವಳು ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿದ್ದ ಅಣ್ಣನ ಮನೆ ಸೇರಿದಳು. ಕೈಗೆ ಪಟ್ಟಿ ಕಟ್ಟಿಸಿಕೊಂಡೇ ಪಂಚಾಯ್ತಿಯಲ್ಲಿ ಕೂತಳು. ಹಿರಿಯರು ಎಷ್ಟು ಕೆದಕಿದರೂ ಅವಳದು ಒಂದೇ ಮಾತು: ‘ನಮ್ಮವ್ವನ ಒಲೆ ಎಂಗಿತ್ತೋ ಅಂಥದ್ದೇ ತಂದ್ಕೊಡ್ಲಿ. ನನ್ನ ಮುಂದೆ ಉರ್ಸಿ ತೋರ್ಸ್ಲಿ.’

ಒಲೆ ಉರಿದ ದಿನ ಹೊರಟು ಬರುತ್ತಾಳೆ ಎಂದು ಹಿರಿಯರು ತಿಳಿದರು. ನಿಂಗರಾಜುವೂ ಹಾಗೆಯೇ ತಿಳಿದ. ಮಕ್ಕಳಿಲ್ಲದ ಆ ಮನೆಯಲ್ಲಿ ಏಳು ತಿಂಗಳು ಒಬ್ಬನೇ ಉಂಡವನಿಗೆ ಅವಳ ಹೊರತು ಬೇರೇನೂ ಬೇಕಿರಲಿಲ್ಲ.

ಗುಜರಿ ಅಂಗಡಿಯಿಂದ ಸ್ಟೌ ಹಿಡಿದು ಅವನು ನೇರ ಹೋದದ್ದು ನಾಗಮಂಗಲದ ಹಿತ್ತಾಳೆ ಕೆಲಸದ ತಮ್ಮಯ್ಯನ ಬಳಿಗೆ. ಮುದುಕನಿಗೆ ಎಪ್ಪತ್ತೆಂಟು ವರ್ಷ. ಒಂದು ಕಾಲದಲ್ಲಿ ನಾಲ್ಕು ತಾಲ್ಲೂಕಿನ ಸ್ಟೌಗಳು ಅವನ ಕೈಗೆ ಬರುತ್ತಿದ್ದವು. ನಿಂಗರಾಜು ಹೇಳಿದ್ದನ್ನೆಲ್ಲ ಕೇಳಿಕೊಂಡು, ಮುದುಕ ಸ್ಟೌವನ್ನು ಬೋರಲು ಹಾಕಿ ತಳವನ್ನು ಹೆಬ್ಬೆರಳಿನಿಂದ ಉಜ್ಜಿದ. ಮಸಿಯ ಕೆಳಗೆ ಸವೆದ ಅಕ್ಷರಗಳು ಕಂಡವು.

‘ಸ್ವೀಡನ್ ದೇಶದ ಮಾಲು ಕಣ್ಲಾ ಇದು. ಟ್ಯಾಂಕು ನೋಡು, ಎಷ್ಟು ದಪ್ಪ ಐತೆ. ನಿಮ್ಮತ್ತೇದೂ ಇಂಥದ್ದೇಯಾ?’

‘ಕಾಲು ಇಂಗೇ ಇದ್ವು ತಾತ. ತುದೀಲಿ ಗೊರಸಿನಂಗೆ.’

‘ಬರ್ನರ್‌ನಾಗೆ ಎರಡು ಜಾತಿ. ಒಂದು ಸದ್ದು ಮಾಡ್ತದೆ, ಇನ್ನೊಂದು ಮಾಡಾಕಿಲ್ಲ. ಅದು ಸದ್ದು ಮಾಡ್ತಿತ್ತಾ?’

ನಿಂಗರಾಜು ನೆಲ ನೋಡಿದ. ‘ಮಾಡ್ತಿತ್ತು.’

‘ಅಂಗಾದ್ರೆ ಇದೇ ಬುಡು.’

‘ಮಾಡ್ಕೊಡು ತಾತ. ಯಾವತ್ತು ಬರ್ಲಿ?’

‘ನಾನ್ಯಾಕ್ಲಾ ಮಾಡ್ಲಿ? ಮುರ್ದೋನು ನಾನಾ? ಹೆಂಗೆ ಅಂತ ಹೇಳ್ಕೊಡ್ತೀನಿ, ಕೂತ್ಕೊ.’

ಮೊದಲ ದಿನವೆಲ್ಲ ಹುಣಿಸೆಹಣ್ಣು, ಬೂದಿ, ತೆಂಗಿನ ನಾರು. ಕರೀ ನೀರು ಹರಿದು ಹರಿದು, ಸಂಜೆಯ ಹೊತ್ತಿಗೆ ಟ್ಯಾಂಕಿನ ಹೊಟ್ಟೆಯಲ್ಲಿ ನಿಂಗರಾಜುವಿಗೆ ತನ್ನ ಮುಖ ಕಂಡಿತು. ಸೊಟ್ಟ ಕಾಲನ್ನು ಕಾಯಿಸಿ ನೇರ ಮಾಡಿದ್ದಾಯಿತು. ಒಳಗೆ ಹಳೇ ಸೀಮೆಣ್ಣೆ ಅಂಟಿನಂತೆ ಗಟ್ಟಿಯಾಗಿತ್ತು. ಸಣ್ಣ ಕಲ್ಲು ತುಂಬಿ ಕುಲುಕಿ ಅದನ್ನೂ ಬಿಡಿಸಿದ. ಬರ್ನರ್ ಮಾತ್ರ ತಿರುಗಲಿಲ್ಲ. ತಮ್ಮಯ್ಯ ಅದರ ಬುಡಕ್ಕೆ ಎಣ್ಣೆ ಬಿಟ್ಟು, ‘ನಾಳೆ ತಂಕ ಮುಟ್ಟಬ್ಯಾಡ,’ ಎಂದು ಕೈತೊಳೆಯಲು ಎದ್ದ.

ನಿಂಗರಾಜು ನಾಳೆಯವರೆಗೆ ಕಾಯುವ ಆಳಲ್ಲ. ಇಕ್ಕಳ ಹಾಕಿ ತಿರುವಿದ. ಜಾರಿತು. ಮತ್ತೆ ತಿರುವಿದ. ಮತ್ತೆ ಜಾರಿ ಬೆರಳಿನ ಗಂಟು ಕಿತ್ತುಬಂತು. ‘ಇದರ ಮನೆ ಹಾಳಾಗ!’ ಎಂದು ಸುತ್ತಿಗೆ ಎತ್ತಿ ಬೀಸಿದ. ಏಟು ಬೀಳುವ ಮೊದಲೇ ತಮ್ಮಯ್ಯ ಕಬ್ಬಿಣದ ಪಟ್ಟಿಯಿಂದ ಅವನ ಮಣಿಕಟ್ಟಿನ ಮೇಲೆ ಬಾರಿಸಿದ.

‘ನೋಯ್ತಾ? ನೋಯ್ಲಿ. ಅವಳ್ಗೆ ಎಷ್ಟು ದಿನ ನೊಂದಿರ್ಬೇಕು?’

ನಿಂಗರಾಜು ಎದ್ದವನೇ ಮುದುಕನ ಎದೆಗೆ ಗುದ್ದಿದ. ತಮ್ಮಯ್ಯ ಹಿಂದಕ್ಕೆ ಹಾರಿ ಬಿದ್ದ. ತಲೆ ಹಿತ್ತಾಳೆ ಬಡಿಯುವ ಅಡಿಗಲ್ಲಿನ ಅಂಚಿಗೆ ತಗುಲಿತು. ಬಿಳೀ ಕೂದಲ ನಡುವಿನಿಂದ ರಕ್ತ ಕಿವಿಯ ಹಿಂದೆ ಇಳಿದು ಬನೀನಿನ ಕತ್ತನ್ನು ನೆನೆಸಿತು. ನಿಂಗರಾಜುವಿನ ಕೈಯಲ್ಲಿ ಸುತ್ತಿಗೆ ಇನ್ನೂ ಎತ್ತಿದಂತೆಯೇ ಇತ್ತು.

ಮುದುಕ ಗೋಡೆಗೆ ಒರಗಿ ಕೂತು ಅವನನ್ನೇ ನೋಡಿದ. ‘ಇನ್ನೊಂದು ಬುಡ್ತೀಯಾ? ಅವಳ್ಗೆ ಎಷ್ಟು ಬುಟ್ಟೆ?’

‘ಅವಳ್ಗೆ... ಒಂದೇ.’

‘ಎಣಿಸ್ಕೊಂಡವ್ನೆ ನೋಡು, ಜಾಣ.’

ತಮ್ಮಯ್ಯ ಗಾಯಕ್ಕೆ ಅರಿಶಿನ ಒತ್ತಿ ಟವೆಲ್ ಸುತ್ತಿಕೊಂಡ. ಗೂಡಿನಲ್ಲಿದ್ದ ಕಾಳಮ್ಮನ ಪಟಕ್ಕೆ ಕೈಮುಗಿದು ದೀಪದ ಬತ್ತಿ ಸರಿಮಾಡಿದ. ಆಮೇಲೆ ಏನೂ ಆಗಿಲ್ಲವೆಂಬಂತೆ ಅದೇ ಮಾತನ್ನು ಇನ್ನೊಮ್ಮೆ ಹೇಳಿದ: ‘ನಾಳೆ ತಂಕ ಮುಟ್ಟಬ್ಯಾಡ.’

ಮರುದಿನ ಬರ್ನರ್ ಎರಡು ಬೆರಳಿಗೆ ತಿರುಗಿತು. ನಿಂಗರಾಜು ಹಳೇ ಚಪ್ಪಲಿಯ ತೊಗಲು ಕತ್ತರಿಸಿ ಪಂಪಿಗೆ ವಾಷರ್ ಮಾಡಿದ, ಎಣ್ಣೆಯಲ್ಲಿ ನೆನೆಹಾಕಿದ, ಪಿನ್ನಿನಿಂದ ಬರ್ನರಿನ ಕಟ್ಟಿದ್ದ ಕಂಡಿ ಬಿಡಿಸಿದ. ಗಾಳಿ ತುಂಬಿ ಬಕೀಟಿನ ನೀರಲ್ಲಿ ಮುಳುಗಿಸಿದಾಗ ಒಂದು ಗುಳ್ಳೆಯೂ ಏಳಲಿಲ್ಲ.

ಉಳಿದದ್ದು ಹೊತ್ತಿಸುವುದು. ಬರ್ನರಿನ ಕೆಳಗಿನ ಬಟ್ಟಲಿಗೆ ಸ್ಪಿರಿಟ್ಟು ಹಾಕಿ ಕಡ್ಡಿ ಗೀರಬೇಕು. ಅದು ಪೂರ್ತಿ ಉರಿದು ಬರ್ನರ್ ಕಾಯಬೇಕು. ಆಮೇಲೆ ಪಂಪು. ನಿಂಗರಾಜು ಅರ್ಧಕ್ಕೇ ಪಂಪು ಒತ್ತಿದ. ಹಸೀ ಸೀಮೆಣ್ಣೆ ಚಿಮ್ಮಿ, ಬೆಂಕಿ ಆಳೆತ್ತರ ಎದ್ದು ಅವನ ಹುಬ್ಬನ್ನು ಸುಟ್ಟಿತು. ಎರಡನೇ ಸಲವೂ ಆತುರಪಟ್ಟ. ಮುಂಗೈಯ ಚರ್ಮ ಬೊಬ್ಬೆಯೆದ್ದು ಸುಲಿಯಿತು. ಅವನು ಹಲ್ಲು ಕಚ್ಚಿದ. ಕೈ ಸುತ್ತಿಗೆಯ ಕಡೆಗೆ ಹೋಗಿ ನಿಂತಿತು.

‘ಬಾಯಿ ತುಂಬ ದೇವರ ಹೆಸರು ಹೇಳ್ಕೊ,’ ಎಂದ ತಮ್ಮಯ್ಯ. ‘ನೂರೆಂಟು ಸಲ. ಅಷ್ಟೊತ್ಗೆ ಕಾದಿರ್ತದೆ.’

ನಿಂಗರಾಜು ಮತ್ತೆ ಸ್ಪಿರಿಟ್ಟು ಹೊತ್ತಿಸಿ ಹೇಳಿಕೊಂಡ. ನೀಲಿ ಉರಿ ಕುಗ್ಗಿ, ಕುಗ್ಗಿ, ಆರುವುದರಲ್ಲಿತ್ತು. ಗಾಳಿಯ ತಿರುಪು ಬಿಗಿದು ಮೆಲ್ಲಗೆ ಪಂಪು ಒತ್ತಿದ. ಒಲೆ ಭರ್ರೋ ಎಂದು ಎದ್ದಿತು. ಅವನು ತಲೆಯೆತ್ತಿ ನೋಡಿದಾಗ ಒಂದು ಮಾರು ದೂರದಲ್ಲಿ ಕೂತ ತಮ್ಮಯ್ಯನ ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದಾನೋ ಒಂದಕ್ಷರವೂ ಕೇಳಿಸಲಿಲ್ಲ.

ನಿಂಗರಾಜು ಬಹಳ ಹೊತ್ತು ಆ ತುಟಿಯನ್ನೇ ನೋಡಿದ.

ಗೋವಿಂದನಹಳ್ಳಿಯ ಮನೆಯ ಮುಂದೆ ಅವನು ಗೋಣಿಚೀಲ ಹಿಡಿದು ನಿಂತಾಗ, ಪುಟ್ಟಲಕ್ಷ್ಮಮ್ಮನ ಅಣ್ಣ ಚಿಕ್ಕಸ್ವಾಮಿ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಮಾತಿಲ್ಲ, ಕಥೆಯಿಲ್ಲ. ಬಾರುಕೋಲು ತೆಗೆದುಕೊಂಡು ಬಂದು ಬೆನ್ನ ಮೇಲೆ ಬಾರಿಸಿದ. ಅಂಗಿ ಹರಿಯಿತು. ನಿಂಗರಾಜು ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಮಂಡಿಯೂರಿದ.

‘ಎಂಗಸಿನ ಕೈ ಮುರೀತೀಯಾ? ಈಗ ಎತ್ಲಾ ಕೈಯ! ಎತ್ತು!’

‘ಒಡಿ ಬಾವ.’

ಚಿಕ್ಕಸ್ವಾಮಿ ಒದ್ದ. ನಿಂಗರಾಜುವಿನ ತುಟಿ ಒಡೆದು ರಕ್ತ ಗೋಣಿಯ ಮೇಲೆ ಸುರಿಯಿತು. ಚೀಲ ಮಾತ್ರ ಅವನ ತೋಳಿನಿಂದ ಜಾರಲಿಲ್ಲ.

‘ಬುಡು ಅಣ್ಣಯ್ಯ,’ ಪುಟ್ಟಲಕ್ಷ್ಮಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ‘ಏನ್ ತಂದವ್ನೆ ನೋಡಾನ.’

ನಿಂಗರಾಜು ಒಲೆಯನ್ನು ಜಗಲಿಯ ಮೇಲಿಟ್ಟು, ಸ್ಪಿರಿಟ್ಟು ಹಾಕಿ, ಕಡ್ಡಿ ಗೀರಿದ. ಕೈ ಕಟ್ಟಿ ಕೂತ.

‘ಪಂಪು ಒಡಿಲಾ! ಏನು, ನಮ್ಮನೆ ಜಗಲೀಲಿ ಜಪಕ್ಕೆ ಕೂತ್ಬುಟ್ಟಾ?’ ಎಂದು ಚಿಕ್ಕಸ್ವಾಮಿ ಹಂಗಿಸಿದ. ನಿಂಗರಾಜುವಿನ ಒಡೆದ ತುಟಿ ಸಣ್ಣಗೆ ಅಲ್ಲಾಡುತ್ತಲೇ ಇತ್ತು. ಕೊನೆಗೆ ಪಂಪು ಒತ್ತಿದ. ಒಲೆ ಉರಿಯಿತು, ಅದೇ ಸದ್ದಿನಲ್ಲಿ. ಪುಟ್ಟಲಕ್ಷ್ಮಮ್ಮ ಕೂತು, ಗೊರಸಿನಂಥ ಕಾಲುಗಳನ್ನು ಒಂದೊಂದಾಗಿ ನೋಡಿದಳು. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲಿಲ್ಲ.

ಚಿಕ್ಕಸ್ವಾಮಿ ಬಾರುಕೋಲನ್ನು ಜಗಲಿಗೆ ಎಸೆದ. ‘ಸರಿ, ಮಾತು ಉಳಿಸ್ಕೊಂಡ. ಬಟ್ಟೆ ತುಂಬ್ಕೊ ಪುಟ್ಟಿ.’

‘ಎಲ್ಲಿಗೆ?’

‘ಪಂಚಾಯ್ತೀಲಿ ನೀನೇ ಅಂದಿದ್ದೆಲ್ಲ?’

‘ಒಲೆ ತಂದ್ಕೊಡ್ಲಿ ಅಂದೆ.’ ಸದ್ದನ್ನು ಮೀರಿಸಿ ಅವಳು ಗಂಟಲೆತ್ತಿದಳು. ‘ಬತ್ತೀನಿ ಅಂತ ಯಾವತ್ತಂದೆ? ನಮ್ಮವ್ವಂದು ಮುರ್ದ, ತಂದವ್ನೆ. ಅಲ್ಲಿಗೆ ಮುಗೀತು.’

ನಿಂಗರಾಜುವಿನ ಕುತ್ತಿಗೆಯ ನರ ಉಬ್ಬಿತು. ಬಾರುಕೋಲು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಒಲೆ ಅದಕ್ಕಿಂತ ಹತ್ತಿರ; ಒಂದು ಒದೆತ ಸಾಕಿತ್ತು. ಅವನ ಕೈ ಮೇಲೆದ್ದಿತು. ಚಿಕ್ಕಸ್ವಾಮಿ ಒಂದು ಹೆಜ್ಜೆ ಮುಂದಿಟ್ಟ. ಪುಟ್ಟಲಕ್ಷ್ಮಮ್ಮ ಕೂತಲ್ಲಿಂದ ಕದಲಲಿಲ್ಲ.

ಎದ್ದ ಕೈ ಇಳಿದು ಗಾಳಿಯ ತಿರುಪನ್ನು ಬಿಚ್ಚಿತು. ಉಸ್ಸೆಂದು ಉರಿ ಆರಿತು.

ಅವನು ಅದು ತಣ್ಣಗಾಗುವವರೆಗೆ ಕಾದ. ಆಮೇಲೆ ಟವೆಲಿನಿಂದ ಟ್ಯಾಂಕಿನ ಮೇಲೆ ಬಿದ್ದಿದ್ದ ತನ್ನ ರಕ್ತದ ಹನಿಯನ್ನು ಒರೆಸಿ, ಒಲೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಕೈಗೆ ಕೊಟ್ಟ.