ಅರೆಕೆರೆಯ ಮೇಲೊಂದು ಕೆಂಪು ಚುಕ್ಕೆ

೧
ಎಲ್ಲಿಂದ ಶುರು ಮಾಡಲಿ? ಮಗಳು ಮನೆ ಬಿಟ್ಟ ದಿನದಿಂದಲೋ, ಅವಳ ಇಮೇಲ್ ಬಂದ ದಿನದಿಂದಲೋ? ಮೊದಲ ಡ್ರಾಫ್ಟಿನಲ್ಲಿ ಮನೆ ಬಿಟ್ಟ ದಿನವನ್ನೇ ಮೂರು ಪುಟ ಬರೆದಿದ್ದೆ. ಎಲ್ಲರೂ ವಿಪರೀತ ಅಳುತ್ತಿದ್ದರು. ಡಿಲೀಟ್ ಮಾಡಿದೆ. ನಿಮಗೆ ಇಷ್ಟು ಸಾಕು: ಜಯನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗುರುಬಸಪ್ಪನವರು ಮಗಳು ಜ್ಯೋತ್ಸ್ನಾಳನ್ನು ಕೇಳದೆ ಅವಳ ಮದುವೆ ಗೊತ್ತು ಮಾಡಿದರು. ಅವಳು ಹೊರಟುಹೋದಳು. ಹನ್ನೊಂದು ತಿಂಗಳ ಮೇಲೆ ಒಂದು ಮೇಲ್ ಬಂತು. ‘ಅಪ್ಪಾಜಿ, ಚೆನ್ನಾಗಿದ್ದೀನಿ. ಹುಡುಕಬೇಡಿ.’

೨
ಗುರುಬಸಪ್ಪನವರು ಹುಡುಕಲು ಹೊರಟರು. (ನನ್ನ ಪಾತ್ರಗಳು ಓದಿದ್ದನ್ನು ಪಾಲಿಸುವುದು ಕಡಿಮೆ.) ತಂಗಿಯ ಮಗ ಶರಣ್ ಆ ಮೇಲ್‌ನೊಳಗಿದ್ದ ಐಪಿ ವಿಳಾಸವನ್ನು, ಅಂದರೆ ಕಳಿಸಿದ ಕಡೆಯ ಇಂಟರ್‌ನೆಟ್ ನಂಬರನ್ನು, ಹೆಕ್ಕಿ ಒಂದು ವೆಬ್‌ಸೈಟಿಗೆ ಹಾಕಿದ. ನಕ್ಷೆಯಲ್ಲಿ ಊರಂಚಿನ ಅರೆಕೆರೆ ಬಡಾವಣೆಯ ಮೇಲೆ ಕೆಂಪು ಚುಕ್ಕೆ ಬಿತ್ತು.

‘ಮಾವ, ಇದು ಬರೀ ಅಂದಾಜು. ಹತ್ತು ಹದಿನೈದು ಕಿಲೋಮೀಟರ್ ಆಚೀಚೆ ಇರ್ಬಹುದು.’

‘ಚುಕ್ಕೆ ಒಂದೇ ಇದೆಯಲ್ಲಪ್ಪ,’ ಎಂದರು.

೩
ಚುಕ್ಕೆ ಇದ್ದದ್ದು ಲಕ್ಷ್ಮಿದೇವಮ್ಮನವರ ಮನೆಯ ಮೇಲೆ. ಹಿಂದೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹನ್ನೆರಡು ಬಾಡಿಗೆ ರೂಮುಗಳಿವೆ.

‘ನೀವು ಏಳನೆಯವರು ಕಣಣ್ಣ. ಹೋದ್ವಾರ ಒಬ್ರು ಕಳೆದೋದ ಫೋನ್ ಹುಡುಕ್ಕೊಂಡು ಬಂದಿದ್ರು. ಅದ್ಯಾವ್ ಕಂಪ್ಯೂಟ್ರೋ, ಎಲ್ರುನ್ನೂ ನಮ್ಮನೇಗೇ ಕಳಿಸ್ತದೆ.’

ಆದರೂ ಅವರು ಬಂದವರನ್ನು ವಾಪಸು ಕಳಿಸಲಿಲ್ಲ. ತಾವೇ ಮುಂದೆ ಹೋಗಿ ಹನ್ನೆರಡು ಬಾಗಿಲನ್ನೂ ತಟ್ಟಿದರು. ಒಂಬತ್ತನೆಯ ಬಾಗಿಲು ತೆರೆದೇ ಇತ್ತು; ಒಳಗೆ ತಲೆಗೆ ಟವಲ್ ಸುತ್ತಿಕೊಂಡಿದ್ದ ಹುಡುಗಿಯೊಬ್ಬಳು ಬೆನ್ನು ತಿರುಗಿಸಿ ನಿಂತಿದ್ದಳು. ಗುರುಬಸಪ್ಪನವರು ಒಂದು ಹೆಜ್ಜೆ ಒಳಗಿಟ್ಟರು. ಅವಳು ತಿರುಗಿದಳು. ಬೇರೆ ಯಾರೋ.

‘ಸಾರಿಯಮ್ಮ,’ ಎಂದು ಹಿಂದೆ ಸರಿದರು.

ಮೆಟ್ಟಿಲ ಮೇಲೆ ಕೂತಾಗ ಲಕ್ಷ್ಮಿದೇವಮ್ಮ ಕೇಳಿದರು: ‘ಮಗಳು ಏನಂತ ಬರ್ದವ್ಳೆ?’

‘ಹುಡುಕಬೇಡಿ ಅಂತ.’

‘ಮತ್ಯಾಕಣ್ಣ ಬಂದ್ರಿ?’

ಗುರುಬಸಪ್ಪನವರು ಆಕೆ ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಇಲ್ಲಿ ಅವರ ಬಾಯಲ್ಲಿ ಒಂದು ಮಾತು ಹಾಕಲು ನಾಲ್ಕು ಸಲ ಪ್ರಯತ್ನಿಸಿದೆ. ಅವರು ಒಪ್ಪಲಿಲ್ಲ.

೪
(ಇನ್ನೊಂದು ಡ್ರಾಫ್ಟಿನಲ್ಲಿ ಒಂಬತ್ತನೆಯ ರೂಮಿನಲ್ಲಿ ಜ್ಯೋತ್ಸ್ನಾಳೇ ಇದ್ದಳು. ಗುರುಬಸಪ್ಪನವರಿಗೆ ಅದೇ ಹಿಡಿಸಿತ್ತು.

‘ಅದನ್ನೇ ಇಟ್ಕೊಳ್ಳಿ ಸಾರ್. ಬರೆಯೋರು ನೀವಲ್ವಾ?’

‘ಹೌದು. ಆದ್ರೆ ಅವಳನ್ನ ಕೇಳದೆ ಅವಳು ಎಲ್ಲಿರ್ಬೇಕು ಅಂತ ನಾನೂ ಗೊತ್ತು ಮಾಡ್ಬಿಟ್ರೆ?’

ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.)

೫
ಮೂರನೆಯ ದಿನ ಅಂಗಡಿಯಲ್ಲಿ ಕೂತು ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು: ‘ನಿನ್ನ ಕೇಳದೆ ಮದುವೆ ಗೊತ್ತು ಮಾಡಿದ್ದು ತಪ್ಪು. ಬೇಡ ಅಂದಮೇಲೂ ಹುಡುಕಿದ್ದು ತಪ್ಪು. ಇನ್ನು ಹುಡುಕಲ್ಲ.’

ಐದು ದಿನ ಏನೂ ಇಲ್ಲ. ಆರನೆಯ ದಿನ ಉತ್ತರ ಬಂತು: ‘ಮಂಡಿನೋವು ಹೇಗಿದೆ ಅಪ್ಪಾಜಿ?’

ಶರಣ್ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡ. ‘ಮಾವ, ಈ ಸಲದ ಐಪಿ ಬೇರೆ ಇದೆ. ಎಲ್ಲಿ ಅಂತ ನೋಡ್ಲಾ?’

‘ಬೇಡ. ಇತ್ಲಾಗೆ ಕೊಡು.’

ಅವಳು ಎಲ್ಲಿದ್ದಾಳೆಂದು ನೀವು ನನ್ನನ್ನು ಕೇಳಬಹುದು. ನಾನೂ ನೋಡಿಲ್ಲ. ಗುರುಬಸಪ್ಪನವರು ಮಂಡಿಯ ಬಗ್ಗೆ ಬರೆಯುತ್ತಿದ್ದಾರೆ. ಎಡಗಾಲಿನದು ಬರೆದು ಮುಗಿದಿದೆ, ಬಲಗಾಲಿನದು ಇನ್ನೂ ಬಾಕಿ ಇದೆ.