ಸವೆಯದ ಹಿಡಿ

ಇನೆಸ್ ಗಂಡನ ಕೋಟಿನ ಬೆನ್ನಿಗೆ ಹೊಲಿಗೆ ಹಾಕಿ ಬಿಗಿ ಮಾಡುತ್ತಿದ್ದಳು. ಮಗನ ಮದುವೆಗೆ ಹೊಲಿಸಿದ ಕೋಟು. ಈಗ ಹೆಣದ ಮೇಲೆ ಗೋಣಿಚೀಲದಂತೆ ಸಡಿಲವಾಗಿತ್ತು.

"ಬಿಡಿ ಅತ್ತಿಗೆ, ಮಲಗಿದೋನ ಬೆನ್ನು ಯಾರು ನೋಡ್ತಾರೆ?" ಎಂದಳು ನಾದಿನಿ ನೊಯೆಮಿ.

"ನಾನು ನೋಡ್ತೀನಲ್ಲ," ಎಂದು ಇನೆಸ್ ಹಲ್ಲಿನಿಂದ ದಾರ ಕಡಿದಳು.

ಮಾನಿಯಾಗೊ ಚಾಕು ಮಾಡುವವರ ಊರು. ಸತ್ತ ಜೆಲಿಂದೊ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಜೀವಮಾನವಿಡೀ ಚಾಕುವಿನ ಹಿಡಿ ತಿಕ್ಕಿ ನಯ ಮಾಡಿದವನು.

*

ಮರದ ಹಿಡಿ ನೀರಿಗೆ ಬಿರಿಯುತ್ತಿತ್ತು, ಕೊಂಬಿನದು ಬಿಸಿಲಿಗೆ ಸೊಟ್ಟಗಾಗುತ್ತಿತ್ತು. ಆಮೇಲೆ ಹೊಸದು ಬಂತು: ನಾರುಬಟ್ಟೆಯ ಪದರಗಳನ್ನು ಅಂಟುರಾಳದಲ್ಲಿ ಅದ್ದಿ, ಒತ್ತಿ, ಕಲ್ಲಿನಂತೆ ಮಾಡಿದ ಹಲಗೆ. ಮೊದಲ ಹಿಡಿಯನ್ನು ಜೆಲಿಂದೊ ಮನೆಗೆ ತಂದು ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಬೇಯಿಸುವ ಪಾತ್ರೆಯಲ್ಲೇ ಕುದಿಸಿದ, ಹಿತ್ತಲ ಹಿಮದಲ್ಲಿ ಹೂತಿಟ್ಟ.

"ನೋಡೇ, ಒಂದು ಸೀಳಿಲ್ಲ. ಒದ್ದೆ ಕೈಗೆ ಇನ್ನೂ ಚೆನ್ನಾಗಿ ಹಿಡಿತ ಸಿಗತ್ತೆ."

"ನನ್ನ ಪಾತ್ರೆ ಯಾರು ಉಜ್ಜೋರು?" ಎಂದು ಅವಳು ಬೈದಿದ್ದಳು.

ತಿಕ್ಕುವಾಗ ಜೇನುಬಣ್ಣದ ಧೂಳು ಏಳುತ್ತಿತ್ತು. ಕೆಮ್ಮು ಶುರುವಾದ ಮೇಲೆ ಜೆಲಿಂದೊ ಧೂಳು ಹೀರುವ ಯಂತ್ರ ಹಾಕಿಸಿ ಎಂದು ಕೇಳಿದ. "ಕಿಟಕಿ ತೆಗಿ," ಎಂದರು ಯಜಮಾನ ಅರ್ದುಯಿನೊ. ಅವನು ತೆಗೆದ. ಚಳಿಗೆ ಉಳಿದವರು ಮುಚ್ಚಿದರು.

*

ಮಣ್ಣು ಕೊಟ್ಟು ಬಂದು ಎಲ್ಲರೂ ಊಟಕ್ಕೆ ಕೂತಿದ್ದಾಗ ಅರ್ದುಯಿನೊ ವೈನ್ ಲೋಟ ಹಿಡಿದು ಎದ್ದರು.

"ಜೆಲಿಂದೊ ತಿಕ್ಕಿದ ಹಿಡಿ ಇವತ್ತಿಗೂ ಕಟುಕರ ಕೈಲಿದೆ. ಮಸೆದೂ ಮಸೆದೂ ಅಲಗು ಕಡ್ಡಿ ಆಗತ್ತೆ. ಹಿಡಿ ಮಾತ್ರ ಹಂಗೇ ಇರತ್ತೆ."

"ಡಾಕ್ಟ್ರೂ ಅದನ್ನೇ ಅಂದ್ರು ಯಜಮಾನ್ರೇ," ಎಂದಳು ಇನೆಸ್. "ಎದೆಯೊಳಗೆ ಹೋಗಿದ್ದು ಕರಗಲ್ಲ, ಸವೆಯಲ್ಲ, ಹಂಗೇ ಇರತ್ತಂತೆ."

ನೊಯೆಮಿ ಬೇಡವೆಂದವರ ತಟ್ಟೆಗೂ ಪೊಲೆಂತಾ ಬಡಿಸಿದಳು. ಅರ್ದುಯಿನೊ ಲೋಟ ಕೆಳಗಿಟ್ಟು ಇನೆಸಳ ಮಗ ವಾಲ್ತೆರನ ಹೆಗಲ ಮೇಲೆ ಕೈಯಿಟ್ಟರು. ಮರದ ಮಿಲ್ಲು ಮುಚ್ಚಿದಾಗಿನಿಂದ ಅವನಿಗೆ ಕೆಲಸವಿರಲಿಲ್ಲ. ಹೆಂಡತಿ ತುಂಬು ಬಸುರಿ.

"ನಿಮ್ಮಪ್ಪನ ಜಾಗ ಖಾಲಿ ಇದೆಯಪ್ಪಾ. ಸೋಮವಾರ ಬಾ."

"ಆ ಯಂತ್ರ ಹಾಕ್ಸಿದೀರಾ?" ಇನೆಸ್ ಕೇಳಿದಳು.

"ಹಾಕ್ಸೋಣಮ್ಮ, ಹಾಕ್ಸೋಣ."

ಅವಳು ಮಗನ ಮುಖ ನೋಡಿದಳು. ವಾಲ್ತೆರ್ ಅವಳತ್ತ ನೋಡಲಿಲ್ಲ. ಎದ್ದು, ಪಕ್ಕದ ಕುರ್ಚಿಯನ್ನು ಎಳೆದು, ಅದರ ಮೇಲೆ ಬಿದ್ದಿದ್ದ ರೊಟ್ಟಿಯ ಪುಡಿಯನ್ನು ತನ್ನ ಕರಿಕೋಟಿನ ತೋಳಿನಿಂದ ಒರೆಸಿದ.

"ಕೂತ್ಕೊಳ್ಳಿ ಯಜಮಾನ್ರೇ," ಎಂದ.